ಆಸ್ತಿ ತೆರಿಗೆಯ ತಕರಾರು ಮತ್ತು ವಕೀಲರ ನೆರವು: ತುಮಕೂರು, ಗುಬ್ಬಿ, ಕುಣಿಗಲ್ ಪಟ್ಟಣಗಳ ಸಮೀಕ್ಷೆ

ನಗರಾಡಳಿತ ಸಂಸ್ಥೆಯೊಂದು ಮನೆಗೆ, ಅಂಗಡಿಗೆ ಅಥವಾ ಖಾಲಿ ನಿವೇಶನಕ್ಕೆ ಗೊತ್ತುಮಾಡಿದ ತೆರಿಗೆ ಕಾನೂನಿನ ಲೆಕ್ಕಕ್ಕೆ ಹೊಂದುವುದಿಲ್ಲವೆಂದು ಮಾಲೀಕರು ಬರವಣಿಗೆಯಲ್ಲಿ ಪ್ರಶ್ನಿಸುವುದೇ ಆಸ್ತಿ ತೆರಿಗೆಯ ಮೇಲ್ಮನವಿ. ಜನರ ಬಾಯಲ್ಲಿ ಇದು ‘ಮನೆ ಕಂದಾಯದ ತಕರಾರು’. ಇದು ಬಿಲ್ ಕಲೆಕ್ಟರರೊಂದಿಗಿನ ಮಾತಿನಲ್ಲಿ ಮುಗಿಯಬಹುದು, ಹೈಕೋರ್ಟಿನ ರಿಟ್ ಅರ್ಜಿಯವರೆಗೂ ಬೆಳೆಯಬಹುದು. ಇದಕ್ಕೆ ವಕೀಲರು ಬೇಕೇ, ಬೇಕಾದರೆ ಯಾವ ಹಂತದಲ್ಲಿ ಎಂಬುದು ತಕರಾರಿನ ಸ್ವರೂಪವನ್ನು ಅವಲಂಬಿಸಿದೆ. ದಾಖಲೆಯ ತಪ್ಪನ್ನು ಕಚೇರಿಯಲ್ಲೇ ಸರಿಪಡಿಸಿಕೊಳ್ಳಬಹುದು. ಕಾನೂನಿನ ಅರ್ಥ, ಅಧಿಕಾರದ ವ್ಯಾಪ್ತಿ ಅಥವಾ ಕಾಲಮಿತಿಯ ಪ್ರಶ್ನೆ ಎದ್ದಾಗ ವಕೀಲರ ಕೆಲಸ ಶುರುವಾಗುತ್ತದೆ.

ಮೂರು ಊರು, ಎರಡು ಕಾಯ್ದೆ

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತುಮಕೂರು ಕಂದಾಯ ಉಪವಿಭಾಗಕ್ಕೆ ಸೇರಿವೆ. ಆದರೆ ಅವುಗಳ ಪೌರಾಡಳಿತ ಮೂರು ಬಗೆಯದು. ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಕುಣಿಗಲ್‌ನಲ್ಲಿ ಪುರಸಭೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ ಇವೆ. ಕರ್ನಾಟಕದ ಕಾನೂನಿನಲ್ಲಿ ಈ ವರ್ಗೀಕರಣಕ್ಕೆ ಜನಸಂಖ್ಯೆ ಮುಖ್ಯ ಆಧಾರ. ಸ್ಥೂಲವಾಗಿ 10 ಸಾವಿರದಿಂದ 20 ಸಾವಿರದವರೆಗಿನ ಊರಿಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. 2011ರ ಜನಗಣತಿಯ ವೇಳೆಗೆ ತುಮಕೂರಿನ ಜನಸಂಖ್ಯೆ 3 ಲಕ್ಷ ದಾಟಿತ್ತು.

ಈ ವ್ಯತ್ಯಾಸ ತಕರಾರುದಾರರಿಗೆ ಮುಖ್ಯ. ತುಮಕೂರಿನ ತೆರಿಗೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆಯಡಿ ಬರುತ್ತದೆ. ಗುಬ್ಬಿ ಮತ್ತು ಕುಣಿಗಲ್‌ಗೆ 1964ರ ಕರ್ನಾಟಕ ಮುನಿಸಿಪಾಲಿಟಿಗಳ ಕಾಯ್ದೆ ಅನ್ವಯಿಸುತ್ತದೆ. ತೆರಿಗೆ ಕಟ್ಟುವ ಲೆಕ್ಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ತೀರ್ಮಾನಿಸುವ ಅಧಿಕಾರಿ ಮತ್ತು ಮೇಲ್ಮನವಿಯ ಹಾದಿ ಬೇರೆ. ಪಾಲಿಕೆಯಲ್ಲಿ ಆಯುಕ್ತರು, ಉಳಿದೆರಡು ಊರುಗಳಲ್ಲಿ ಮುಖ್ಯಾಧಿಕಾರಿಗಳು ಮೊದಲ ಅಧಿಕಾರ ಉಳ್ಳವರು. ಪಟ್ಟಣದ ಗಡಿಯಾಚೆಗಿನ ಹಳ್ಳಿಗಳ ಮನೆಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಅನ್ವಯಿಸುವುದರಿಂದ, ಊರಂಚಿನ ಆಸ್ತಿಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ತೆರಿಗೆ ಎಷ್ಟೆಂಬುದಲ್ಲ, ಅದನ್ನು ಕೇಳುವ ಅಧಿಕಾರ ಯಾರದೆಂಬುದು.

ತೆರಿಗೆಯ ಲೆಕ್ಕ

ಹಿಂದೆ ಮನೆ ಕಂದಾಯವನ್ನು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ಹಾಕಲಾಗುತ್ತಿತ್ತು. ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದೆಂದು ಅಧಿಕಾರಿ ಅಂದಾಜು ಮಾಡಿ, ಅದರ ಮೇಲೆ ತೆರಿಗೆ ಗೊತ್ತುಮಾಡುತ್ತಿದ್ದರು. ಈ ಪದ್ಧತಿಯಲ್ಲಿ ಎರಡು ದೋಷಗಳಿದ್ದವು. ಅಂದಾಜು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದಾಗಿತ್ತು. ಜತೆಗೆ, ಬಾಡಿಗೆ ನಿಯಂತ್ರಣ ಕಾನೂನು ಅನ್ವಯಿಸುವ ಕಟ್ಟಡದ ಮೌಲ್ಯ ಆ ಕಾನೂನು ಒಪ್ಪುವ ನ್ಯಾಯಬಾಡಿಗೆಯನ್ನು ಮೀರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1979ರ ಕೊನೆಯಲ್ಲಿ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಹೇಳಿದ ಮೇಲೆ, ದೇಶದ ಎಷ್ಟೋ ನಗರಗಳಲ್ಲಿ ಹಳೆಯ ಕಟ್ಟಡಗಳ ತೆರಿಗೆ ನಿಂತಲ್ಲೇ ನಿಂತಿತು.

ಕರ್ನಾಟಕ 2001ರಲ್ಲಿ ಪೌರ ಕಾಯ್ದೆಗಳನ್ನು ತಿದ್ದಿ, ಬೆಂಗಳೂರಿನ ಹೊರಗಿನ ನಗರಗಳಿಗೆ ಬಂಡವಾಳ ಮೌಲ್ಯ ಪದ್ಧತಿಯನ್ನೂ ಸ್ವಯಂ ಘೋಷಿತ ಆಸ್ತಿ ತೆರಿಗೆಯನ್ನೂ ತಂದಿತು. 2002-03ರಿಂದ ಅದು ಜಾರಿಗೆ ಬಂತು. ಮುದ್ರಾಂಕ ಇಲಾಖೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಪ್ರಕರಣದಡಿ ಪ್ರಕಟಿಸುವ ಮಾರ್ಗಸೂಚಿ ಬೆಲೆಯಿಂದ ಜಾಗದ ಮೌಲ್ಯ ಸಿಗುತ್ತದೆ. ಕಟ್ಟಡದ ವಿಸ್ತೀರ್ಣ ಮತ್ತು ಬಗೆ ನೋಡಿ ನಿರ್ಮಾಣ ವೆಚ್ಚ ಹಿಡಿದು, ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಲಾಗುತ್ತದೆ. ಎರಡೂ ಸೇರಿದ ಮೊತ್ತದಲ್ಲಿ ಕಾನೂನು ಹೇಳಿದ ಪಾಲಿಗೆ ವಾಸದ ಮನೆ, ವಾಣಿಜ್ಯ ಕಟ್ಟಡ, ಖಾಲಿ ಜಾಗ ಎಂಬ ವಿಂಗಡಣೆಯಂತೆ ಬೇರೆ ಬೇರೆ ಶೇಕಡಾ ದರ ಹಾಕಲಾಗುತ್ತದೆ. ಕಾನೂನು ಕನಿಷ್ಠ ಮತ್ತು ಗರಿಷ್ಠ ದರ ಹೇಳುತ್ತದೆ. ಅವೆರಡರ ನಡುವೆ ದರವನ್ನು ಆರಿಸುವುದು ಆಯಾ ಊರಿನ ಆಡಳಿತ ಮಂಡಳಿ.

ತೆರಿಗೆಯ ಮೇಲೆ ಉಪಕರಗಳು ಬೀಳುತ್ತವೆ. ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3. ಈ ಮೂರೇ ಸೇರಿ ಶೇ 24 ಆಗುವುದರಿಂದ ಮೂಲ ತೆರಿಗೆಯಲ್ಲಿ 100 ರೂಪಾಯಿ ತಪ್ಪಾದರೆ ಮಾಲೀಕರ ಕೈಯಿಂದ 124 ರೂಪಾಯಿ ಹೋಗುತ್ತದೆ. 2001ರ ವ್ಯವಸ್ಥೆ ಮೂರು ವರ್ಷಕ್ಕೊಮ್ಮೆ ಶೇ 15ರ ಏರಿಕೆಯನ್ನೂ ಕಾನೂನಿನಲ್ಲೇ ಇಟ್ಟಿತ್ತು. ಹೀಗೆ ಏರುವ ತೆರಿಗೆಯಲ್ಲಿ ಮೊದಲ ವರ್ಷದ ತಪ್ಪೂ ಏರುತ್ತದೆ. ಮೊದಲ ಲೆಕ್ಕದಲ್ಲಿ ಹೆಚ್ಚಾಗಿ ಸೇರಿದ 2,000 ರೂಪಾಯಿ ಮೂರು ಏರಿಕೆ ಕಳೆಯುವ ಹೊತ್ತಿಗೆ 3,000 ದಾಟಿರುತ್ತದೆ. ಸಣ್ಣ ತಪ್ಪೆಂದು ಬಿಟ್ಟವರು ಅದನ್ನು ವರ್ಷವರ್ಷವೂ ಕಟ್ಟುತ್ತ ಹೋಗುತ್ತಾರೆ.

2020ರ ನಂತರ ಇನ್ನೊಂದು ಬದಲಾವಣೆ ಬಂತು. ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಚಾಲ್ತಿಯ ಸರ್ಕಾರಿ ಬೆಲೆಗೆ ಹೊಂದಿಸಬೇಕು, ಕಾಲಕಾಲಕ್ಕೆ ಏರಿಸುವ ವ್ಯವಸ್ಥೆ ಇರಬೇಕು ಎಂಬುದನ್ನು ಕೇಂದ್ರ ಸರ್ಕಾರ ರಾಜ್ಯಗಳ ಹೆಚ್ಚುವರಿ ಸಾಲದ ಷರತ್ತುಗಳಲ್ಲಿ ಸೇರಿಸಿತು. 15ನೇ ಹಣಕಾಸು ಆಯೋಗವೂ ನಗರಗಳ ಅನುದಾನಕ್ಕೆ ಇಂಥದೇ ಷರತ್ತು ಇಟ್ಟಿತು. ಇದೇ ಹಿನ್ನೆಲೆಯಲ್ಲಿ ಕರ್ನಾಟಕವೂ ತನ್ನ ಪೌರ ಕಾಯ್ದೆಗಳನ್ನು ತಿದ್ದಿತು. ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕೃತವಾಯಿತು.

ಮಾಲೀಕರದೇ ಘೋಷಣೆ

ಸ್ವಯಂ ಘೋಷಣೆ ಬಂದ ಮೇಲೆ ಮೇಲ್ಮನವಿಯ ಅರ್ಥವೇ ಬದಲಾಗಿದೆ. ಹಿಂದೆ ಅಧಿಕಾರಿ ಹಾಕಿದ ಮೊತ್ತವನ್ನು ಮಾಲೀಕರು ಪ್ರಶ್ನಿಸುತ್ತಿದ್ದರು. ಈಗ ಅಳತೆ, ಬಳಕೆ, ಕಟ್ಟಡದ ವಯಸ್ಸು ಎಲ್ಲವನ್ನೂ ಮಾಲೀಕರೇ ನಮೂನೆಯಲ್ಲಿ ತುಂಬಿ, ಚಲನ್ ಬರೆದು ಹಣ ಕಟ್ಟುತ್ತಾರೆ. ತಾವೇ ಸಹಿ ಹಾಕಿದ ಲೆಕ್ಕದ ಮೇಲೆ ಮೇಲ್ಮನವಿ ಹೋಗಲು ಬರುವುದಿಲ್ಲ. ಅದನ್ನು ತಿದ್ದುಪಡಿ ಅರ್ಜಿಯಿಂದ ಸರಿಮಾಡಿಕೊಳ್ಳಬೇಕು. ಮೇಲ್ಮನವಿಗೆ ಅವಕಾಶ ಹುಟ್ಟುವುದು ಕಚೇರಿ ಆ ಘೋಷಣೆಯನ್ನು ಒಪ್ಪದೆ, ಸ್ಥಳ ಪರಿಶೀಲಿಸಿ, ನೋಟಿಸು ಕೊಟ್ಟು ಮರು ನಿರ್ಧಾರಣೆಯ ಆದೇಶ ಮಾಡಿದಾಗ, ಅಥವಾ ತಿದ್ದುಪಡಿ ಅರ್ಜಿಯನ್ನು ತಳ್ಳಿಹಾಕಿದಾಗ.

ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ಏಪ್ರಿಲ್‌ನಲ್ಲಿ ತುಂಬುವ ನಮೂನೆಯೇ ಮುಂದಿನ ಯಾವ ವಿವಾದಕ್ಕೂ ಮೊದಲ ಸಾಕ್ಷ್ಯ. ಅದನ್ನು ಕಚೇರಿ ಬಾಗಿಲಲ್ಲಿ ಕೂತ ಬರಹಗಾರರಿಂದಲೋ ಸೈಬರ್ ಅಂಗಡಿಯಲ್ಲೋ ಓದದೆ ತುಂಬಿಸಿ ಸಹಿ ಹಾಕಿದ್ದರೂ ಹೊಣೆ ಮಾಲೀಕರದೇ. ಎರಡನೆಯದಾಗಿ, ಬಾಯಿಮಾತಿನ ಆಕ್ಷೇಪಣೆಗೆ ಬೆಲೆಯಿಲ್ಲ. ಲಿಖಿತ ಅರ್ಜಿ, ಅದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ, ಕೊನೆಗೆ ಕಾರಣ ಬರೆದ ಆದೇಶ ಇವೆಲ್ಲ ಕೈಯಲ್ಲಿದ್ದರೆ ಮಾತ್ರ ಮುಂದಿನ ಮೆಟ್ಟಿಲು ಹತ್ತಬಹುದು.

ತಕರಾರಿನ ಬಗೆಗಳು

ಈ ಮೂರು ಊರುಗಳಂಥ ಪಟ್ಟಣಗಳಲ್ಲಿ ಏಳುವ ತಕರಾರುಗಳನ್ನು ಮೂರು ಗುಂಪಾಗಿ ನೋಡಬಹುದು.

ಮೊದಲ ಗುಂಪು ದಾಖಲೆಯ ತಪ್ಪುಗಳದು. ನಿವೇಶನದ ಅಳತೆ ತಪ್ಪಾಗಿ ದಾಖಲಾಗಿರುವುದು, ಹೆಂಚಿನ ಮನೆ ಆರ್‌ಸಿಸಿ ಎಂದು ಬರೆದಿರುವುದು, ಕಟ್ಟಿದ ಹಣ ಖಾತೆಗೆ ಜಮೆಯಾಗದೆ ಬಾಕಿ ತೋರಿಸುವುದು, ಒಂದೇ ಆಸ್ತಿಗೆ ಎರಡು ಪಿಐಡಿ ಸಂಖ್ಯೆ ಬಿದ್ದು ಎರಡು ಬೇಡಿಕೆ ಬರುವುದು ಇದರಲ್ಲಿ ಸೇರುತ್ತವೆ. ಕೈಬರಹದ ಖಾತಾ ಪುಸ್ತಕಗಳಿಂದ ಇ-ಆಸ್ತಿ ತಂತ್ರಾಂಶಕ್ಕೆ ಮಾಹಿತಿ ಸಾಗುವಾಗ ಇಂಥ ತಪ್ಪುಗಳಿಗೆ ಎಡೆಯಿದೆ. ಗುಬ್ಬಿಯಂಥ ಹಳೆಯ ಊರಿನ ತೊಟ್ಟಿಮನೆಗಳು ಅಣ್ಣತಮ್ಮಂದಿರಲ್ಲಿ ಭಾಗವಾಗಿ, ಖಾತೆ ಮಾತ್ರ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಯಾರ ಪಾಲಿಗೆ ಎಷ್ಟು ತೆರಿಗೆ ಎಂಬ ಗೊಂದಲವೂ ಇದೇ ಗುಂಪಿನದು. ಕ್ರಯಪತ್ರ, ವಿಭಾಗಪತ್ರ, ಹಳೆಯ ಕಂದಾಯ ರಸೀದಿ, ಎಂಜಿನಿಯರರ ಅಳತೆ ವರದಿ ಇಟ್ಟು ಅರ್ಜಿ ಕೊಟ್ಟರೆ ಕಂದಾಯ ಅಧಿಕಾರಿಗಳ ಮಟ್ಟದಲ್ಲೇ ಇವು ಬಗೆಹರಿಯಬೇಕು. ಇದಕ್ಕೆ ವಕೀಲರ ಅಗತ್ಯವಿಲ್ಲ.

ಎರಡನೆಯ ಗುಂಪು ವರ್ಗೀಕರಣದ್ದು. ಮುಂದೆ ಅಂಗಡಿ, ಹಿಂದೆ ಮನೆ ಇರುವ ಕಟ್ಟಡ ತುಮಕೂರಿನ ಮಂಡಿಪೇಟೆಯಲ್ಲಿ, ಗುಬ್ಬಿ ಪೇಟೆಯಲ್ಲಿ ಸಾಮಾನ್ಯ. ಇಡೀ ಕಟ್ಟಡಕ್ಕೆ ವಾಣಿಜ್ಯ ದರ ಹಾಕಿದ್ದರೆ, ವಾಸದ ಭಾಗವನ್ನು ಬೇರೆ ಅಳೆದು ತೋರಿಸಬೇಕು. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳ ಸುತ್ತಲ ಬಡಾವಣೆಗಳಲ್ಲಿ ಮನೆಯನ್ನು ವಿದ್ಯಾರ್ಥಿಗಳ ಪಿಜಿಯಾಗಿ ನಡೆಸಿದರೆ ಅದು ವಾಸವೋ ವ್ಯಾಪಾರವೋ ಎಂಬುದು ನಿಜಕ್ಕೂ ವಾದಿಸಬಹುದಾದ ಪ್ರಶ್ನೆ. ಕುಣಿಗಲ್ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದೆ. ಇಲ್ಲಿ ನಿವೇಶನ ಕೊಂಡು ದೂರದಲ್ಲಿರುವವರಿಗೆ ಖಾಲಿ ಜಾಗದ ತೆರಿಗೆ, ಮುಖ್ಯರಸ್ತೆಯ ಬೆಲೆ ಒಳರಸ್ತೆಗೆ ಬಿದ್ದಿರುವುದು, ಕಣ್ಣಿಗೆ ಬೀಳದ ನೋಟಿಸು, ಬೆಳೆದ ದಂಡ ಇವು ತೊಡಕು. ದೇವಸ್ಥಾನ, ಧರ್ಮಛತ್ರ, ಶಾಲೆ, ಅನಾಥಾಲಯಗಳ ವಿನಾಯಿತಿ, ಮಾಜಿ ಸೈನಿಕರ ರಿಯಾಯಿತಿ ಕೂಡ ವರ್ಗೀಕರಣದ ಪ್ರಶ್ನೆಗಳೇ. ಶಾಲೆಯ ಮುಂಭಾಗದ ಮಳಿಗೆಗಳನ್ನು ಬಾಡಿಗೆಗೆ ಕೊಟ್ಟಿದ್ದರೆ ವಿನಾಯಿತಿ ಎಲ್ಲಿಯವರೆಗೆ ಎಂಬ ಜಿಜ್ಞಾಸೆ ಏಳುತ್ತದೆ. ಈ ಗುಂಪಿನಲ್ಲಿ ಮೊತ್ತ ದೊಡ್ಡದಾದಷ್ಟೂ ವಕೀಲರ ಸಲಹೆಗೆ ಅರ್ಥವಿದೆ.

ಮೂರನೆಯ ಗುಂಪು ಅಧಿಕಾರದ ಪ್ರಶ್ನೆಗಳದು. ನೋಟಿಸು ಕೊಡದೆ, ಅಹವಾಲು ಕೇಳದೆ ಮಾಡಿದ ಆದೇಶ, ಹಳ್ಳಿ ನಗರದ ಗಡಿಯೊಳಗೆ ಸೇರುವ ಮುಂಚಿನ ವರ್ಷಗಳಿಗೂ ನಗರದ ದರದಲ್ಲಿ ಕೇಳಿದ ಬಾಕಿ, ನಿಯಮಬಾಹಿರ ಕಟ್ಟಡವೆಂದು ಹಾಕಿದ ದುಪ್ಪಟ್ಟು ತೆರಿಗೆ ಇಂಥವು. ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರುವರಿಯಲ್ಲಿ ಆರಂಭಿಸಿದ ಮೇಲೆ ಊರಂಚಿನ ಕಂದಾಯ ನಿವೇಶನದಾರರೂ ತೆರಿಗೆಯ ಲೆಕ್ಕಕ್ಕೆ ಬಂದರು. ತೆರಿಗೆ ಕಟ್ಟಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹುಟ್ಟುವುದಿಲ್ಲ, ಅಕ್ರಮ ಕಟ್ಟಡ ಸಕ್ರಮವಾಗುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ತೆರಿಗೆಯ ಮೇಲ್ಮನವಿಯಲ್ಲಿ ಮಾಲೀಕತ್ವದ ವ್ಯಾಜ್ಯ ತೀರುವುದಿಲ್ಲ.

ಈ ಮೂರಕ್ಕೂ ಸೇರದ ನಾಲ್ಕನೆಯ ಅಸಮಾಧಾನವೊಂದಿದೆ. ‘ನಮ್ಮ ಬೀದಿಗೆ ಇಷ್ಟು ಬೆಲೆ ಎಲ್ಲಿಂದ ಬಂತು’ ಎಂಬುದು ಅದು. ಅದರ ಗುರಿ ಮಾರ್ಗಸೂಚಿ ಬೆಲೆ. ಆ ಬೆಲೆಯನ್ನು ಗೊತ್ತುಮಾಡುವುದು ಪಾಲಿಕೆಯೋ ಪುರಸಭೆಯೋ ಅಲ್ಲ, ಮುದ್ರಾಂಕ ಇಲಾಖೆಯ ಮೌಲ್ಯಮಾಪನ ಸಮಿತಿಗಳು. ಕರಡು ಪಟ್ಟಿ ಪ್ರಕಟವಾದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಕ್ಷೇಪಣೆ ಕೊಡುವುದೇ ಅದಕ್ಕೆ ಸರಿಯಾದ ಹೊತ್ತು. ಅಂತಿಮ ಪಟ್ಟಿ ಬಂದ ಮೇಲೆ ತೆರಿಗೆ ಅಧಿಕಾರಿ ಆ ಅಂಕಿಯನ್ನು ಬದಲಿಸಲಾರರು. ಆಸ್ತಿಯನ್ನು ಪಟ್ಟಿಯ ತಪ್ಪು ಸಾಲಿಗೆ ಸೇರಿಸಿದ್ದರೆ ಮಾತ್ರ ಸರಿಪಡಿಸಬಲ್ಲರು. ಈ ಭೇದವನ್ನು ಮೊದಲ ಭೇಟಿಯಲ್ಲೇ ತಿಳಿಸಿ ಕಕ್ಷಿದಾರರನ್ನು ವಾಪಸು ಕಳಿಸುವ ವಕೀಲರು ಅವರ ಹಣವನ್ನೂ ವರ್ಷಗಳನ್ನೂ ಉಳಿಸುತ್ತಾರೆ.

ಮೇಲ್ಮನವಿಯ ಮೆಟ್ಟಿಲುಗಳು

ಮೊದಲ ಮೆಟ್ಟಿಲು ತೆರಿಗೆ ಹಾಕಿದ ಕಚೇರಿಯೇ. ಆಕ್ಷೇಪಣೆಗೆ ಮೊದಲು ಕಡತ ನೋಡುವುದು ಜಾಣತನ. ಮಾಹಿತಿ ಹಕ್ಕು ಕಾಯ್ದೆ 2005ರಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿದರೆ ಸ್ಥಳ ಪರಿಶೀಲನಾ ವರದಿ, ಅಳತೆಯ ಟಿಪ್ಪಣಿ, ಅನ್ವಯಿಸಿದ ದರಪಟ್ಟಿಯ ದೃಢೀಕೃತ ನಕಲು 30 ದಿನಗಳಲ್ಲಿ ಸಿಗಬೇಕು. ಆದರೆ ಮೇಲ್ಮನವಿಯ ಗಡುವು ಈ ಉತ್ತರಕ್ಕಾಗಿ ಕಾಯುವುದಿಲ್ಲ. ಆದ್ದರಿಂದ ಆಕ್ಷೇಪಣೆ ಸಲ್ಲಿಸಿಯೇ ನಕಲು ಕೇಳಬೇಕು. ಬಳಕೆಯ ಪ್ರಶ್ನೆ ಇದ್ದರೆ ಬೆಸ್ಕಾಂ ಬಿಲ್ಲಿನಲ್ಲಿ ಮೀಟರು ಗೃಹಬಳಕೆಯದೋ ವಾಣಿಜ್ಯದ್ದೋ ಎಂಬುದು ಮಾತಿಗಿಂತ ಗಟ್ಟಿಯಾದ ಪುರಾವೆ.

ಎರಡನೆಯ ಮೆಟ್ಟಿಲಲ್ಲಿ ಹಾದಿ ಕವಲೊಡೆಯುತ್ತದೆ. 1964ರ ಕಾಯ್ದೆಯಡಿ ತೆರಿಗೆ ಬಿಲ್ಲಿನ ವಿರುದ್ಧದ ಮೇಲ್ಮನವಿ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಅಪರಾಧ ವಿಚಾರಿಸುವ ನ್ಯಾಯಾಲಯಕ್ಕೆ ಮನೆ ಕಂದಾಯ ಏಕೆ ಹೋಗಬೇಕೆಂದು ವಿಚಿತ್ರವೆನಿಸಬಹುದು. ಇದು 1901ರ ಬಾಂಬೆ ಜಿಲ್ಲಾ ಮುನಿಸಿಪಲ್ ಕಾಯ್ದೆಯ ಕಾಲದಿಂದ ಬಂದ ಏರ್ಪಾಡು. ಇಲ್ಲಿ ಆರೋಪಿ ಯಾರೂ ಇಲ್ಲ. ಬಿಲ್ಲು ಸರಿಯೋ ಅಲ್ಲವೋ ಎಂಬುದಷ್ಟೇ ಪ್ರಶ್ನೆ. ಗುಬ್ಬಿ ಮತ್ತು ಕುಣಿಗಲ್ ಎರಡರಲ್ಲೂ ಜೆಎಂಎಫ್‌ಸಿ ನ್ಯಾಯಾಲಯಗಳಿರುವುದರಿಂದ ಮಾಲೀಕರು ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಿಲ್ಲ. ಮ್ಯಾಜಿಸ್ಟ್ರೇಟರ ತೀರ್ಮಾನವನ್ನು ಪರಿಶೀಲಿಸುವ ಅಧಿಕಾರ ಮೇಲಿನ ನ್ಯಾಯಾಲಯಕ್ಕಿದೆ.

ತುಮಕೂರು ಪಾಲಿಕೆಯಲ್ಲಿ ಹಾದಿ ಆಯುಕ್ತರಿಂದ ಶುರುವಾಗುತ್ತದೆ. 1976ರ ಕಾಯ್ದೆಯ ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಒಂದರ ಹೆಸರೇ ತೆರಿಗೆ ನಿರ್ಧರಣೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿ. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲದಲ್ಲಿ ಸದಸ್ಯರ ಸಮಿತಿ ಇರುವುದಿಲ್ಲ. ಆಗ ಅಂಥ ಅಧಿಕಾರಗಳು ಆಡಳಿತಾಧಿಕಾರಿಗೆ ಸೇರುತ್ತವೆ. ಆದೇಶದಲ್ಲಿ ಯಾವ ಪ್ರಕರಣವನ್ನು ಉಲ್ಲೇಖಿಸಲಾಗಿದೆ, ಆ ಪ್ರಕರಣಕ್ಕೆ ಮೇಲ್ಮನವಿ ಎಲ್ಲಿ ಎಂದು ಗುರುತಿಸುವುದೇ ಇಲ್ಲಿ ವಕೀಲರ ಮೊದಲ ಕೆಲಸ. ತಪ್ಪು ಬಾಗಿಲು ತಟ್ಟಿದರೆ ಗಡುವು ಮುಗಿದುಹೋಗುತ್ತದೆ.

ಸಿವಿಲ್ ದಾವೆಯ ಹಾದಿ ಕಿರಿದು. ವಿಶೇಷ ಕಾಯ್ದೆಯೊಂದು ತನ್ನದೇ ಪೂರ್ಣ ಪರಿಹಾರ ಕ್ರಮವನ್ನು ಕೊಟ್ಟಿದ್ದರೆ ಸಿವಿಲ್ ನ್ಯಾಯಾಲಯ ಸಾಮಾನ್ಯವಾಗಿ ಕೈಹಾಕದೆಂಬ ಸೂತ್ರಗಳನ್ನು ಸುಪ್ರೀಂ ಕೋರ್ಟ್ 1968ರ ಧುಲಾಭಾಯ್ ತೀರ್ಪಿನಲ್ಲಿ ಜೋಡಿಸಿಕೊಟ್ಟಿದೆ. ಹೈಕೋರ್ಟಿಗೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ತುಮಕೂರು ಜಿಲ್ಲೆಯ ಅರ್ಜಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ. ಆದರೆ ಕಾಯ್ದೆಯಲ್ಲೇ ಮೇಲ್ಮನವಿ ಇದ್ದರೆ ಹೈಕೋರ್ಟ್ ಅಲ್ಲಿಗೇ ಹೋಗಿ ಎನ್ನುವುದೇ ರೂಢಿ. ಮೂಲಭೂತ ಹಕ್ಕಿನ ಉಲ್ಲಂಘನೆ, ಸಹಜ ನ್ಯಾಯದ ಉಲ್ಲಂಘನೆ, ಅಧಿಕಾರವೇ ಇಲ್ಲದ ಆದೇಶ, ಕಾನೂನಿನ ಸಿಂಧುತ್ವದ ಪ್ರಶ್ನೆ ಇವು 1998ರ ವರ್ಲ್‌ಪೂಲ್ ತೀರ್ಪು ಎಣಿಸಿದ ಅಪವಾದಗಳು. ಮೇಲ್ಮನವಿಯ ಗಡುವು ಕಳೆದುಕೊಂಡವರು ರಿಟ್‌ನ ಹಿಂಬಾಗಿಲಿನಿಂದ ಬರುವಂತಿಲ್ಲವೆಂದು 2020ರಲ್ಲಿ ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ತೆರಿಗೆ ಪದ್ಧತಿಯನ್ನೇ ಪ್ರಶ್ನಿಸಬೇಕಾದದ್ದು ಹೈಕೋರ್ಟಿನಲ್ಲಿ. ಕೇರಳದ 1961ರ ಕಟ್ಟಡ ತೆರಿಗೆ ಕಾಯ್ದೆ ಊರು, ಬಳಕೆ, ಕಟ್ಟಡದ ಬಗೆ ಯಾವುದನ್ನೂ ನೋಡದೆ ಬರೀ ನೆಲದಳತೆಯ ಮೇಲೆ ತೆರಿಗೆ ಹಾಕಿತ್ತು. ಅಸಮಾನರನ್ನು ಸಮಾನವಾಗಿ ಕಾಣುವುದೂ ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1968ರಲ್ಲಿ ಅದನ್ನು ರದ್ದುಮಾಡಿತು. ಪಟ್ನಾ ನಗರ 1993ರಲ್ಲಿ ರಸ್ತೆ, ಬಳಕೆ, ಕಟ್ಟಡದ ಬಗೆ ನೋಡಿ ಚದರಡಿಗೆ ದರ ಕಟ್ಟಿದ ನಿಯಮಗಳನ್ನು ಅದೇ ನ್ಯಾಯಾಲಯ 1995ರಲ್ಲಿ ಎತ್ತಿಹಿಡಿಯಿತು. ವಿಂಗಡಣೆಗೆ ತಕ್ಕ ಆಧಾರವಿದ್ದರೆ ಪದ್ಧತಿ ಉಳಿಯುತ್ತದೆಂಬುದು ಈ ಎರಡು ತೀರ್ಪುಗಳಿಂದ ತಿಳಿಯುತ್ತದೆ. ಒಬ್ಬ ಮನೆಮಾಲೀಕರ ಕೆಲವು ಸಾವಿರ ರೂಪಾಯಿಯ ತಕರಾರಿಗೆ ಇಂಥ ಸಂವಿಧಾನದ ವಾದ ಹೊಂದುವುದಿಲ್ಲ. ಬಡಾವಣೆಯ ನಿವಾಸಿಗಳ ಸಂಘವೋ ವರ್ತಕರ ಸಂಘವೋ ಒಟ್ಟಾಗಿ ಖರ್ಚು ಹಂಚಿಕೊಂಡರೆ ಹೊಂದೀತು.

ತಕರಾರಿನ ನಡುವೆ ಹಣ ಕಟ್ಟುವುದು

ಅರ್ಜಿ ಹಾಕಿದ ಮಾತ್ರಕ್ಕೆ ತೆರಿಗೆ ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ, ತಡಮಾಡಿದವರಿಗೆ ತಿಂಗಳಿಗೆ ಶೇ 2 ದಂಡ. ವರ್ಷಕ್ಕೆ ಶೇ 24 ಆಗುವ ಈ ದಂಡ ಯಾವ ಬ್ಯಾಂಕಿನ ಗೃಹಸಾಲದ ಬಡ್ಡಿಗಿಂತಲೂ ಹೆಚ್ಚು. ಮೂರು ವರ್ಷ ಮೊಕದ್ದಮೆ ನಡೆಸಿ ಅರ್ಧ ಗೆದ್ದರೂ ಉಳಿದ ಅರ್ಧದ ಮೇಲಿನ ದಂಡ ಗೆಲುವನ್ನು ನುಂಗಬಹುದು. ಆದ್ದರಿಂದ ‘ಆಕ್ಷೇಪಣೆಯನ್ನು ಕಾಯ್ದಿರಿಸಿ ಪಾವತಿಸಲಾಗಿದೆ’ ಎಂದು ಪತ್ರ ಕೊಟ್ಟು ಹಣ ಕಟ್ಟಿ, ಆಮೇಲೆ ಮರುಪಾವತಿಯನ್ನೋ ಮುಂದಿನ ವರ್ಷಕ್ಕೆ ಹೊಂದಾಣಿಕೆಯನ್ನೋ ಕೇಳುವುದು ಕ್ಷೇಮ.

ಮೇಲ್ಮನವಿಗೆ ಮೊದಲು ತೆರಿಗೆ ಠೇವಣಿ ಇಡಬೇಕೆಂಬ ಷರತ್ತು ಪೌರ ಕಾನೂನುಗಳಲ್ಲಿ ಹಳೆಯದು. ಇದು ನ್ಯಾಯದ ಬಾಗಿಲು ಮುಚ್ಚುತ್ತದೆಂಬ ವಾದವನ್ನು ಸುಪ್ರೀಂ ಕೋರ್ಟ್ 1992ರ ಶ್ಯಾಮ್ ಕಿಶೋರ್ ತೀರ್ಪಿನಲ್ಲಿ ಒಪ್ಪಲಿಲ್ಲ. ಮೇಲ್ಮನವಿಯ ಹಕ್ಕನ್ನು ಕೊಟ್ಟದ್ದು ಕಾನೂನು, ಹಾಗಾಗಿ ಷರತ್ತನ್ನೂ ಅದು ಹಾಕಬಹುದು ಎಂಬುದು ಅದರ ನೆಲೆ. ಆಸ್ತಿ ತೆರಿಗೆಯ ಬಾಕಿ ಆಸ್ತಿಯ ಮೇಲಿನ ಹೊಣೆಯಾಗಿ ಉಳಿಯುವುದರಿಂದ, ಹಳೆಯ ಮಾಲೀಕರ ಬಾಕಿ ಕೊಂಡವರ ತಲೆಗೆ ಬರುತ್ತದೆ. ಕ್ರಯಕ್ಕೆ ಮೊದಲು ಋಣಭಾರ ಪತ್ರದ ಜತೆ ಇತ್ತೀಚಿನ ಕಂದಾಯ ರಸೀದಿ ನೋಡುವುದು ಇದಕ್ಕಾಗಿ.

ವಕೀಲರನ್ನು ಹಿಡಿಯುವುದು

ಆಯುಕ್ತರ ಅಥವಾ ಮುಖ್ಯಾಧಿಕಾರಿಗಳ ಮುಂದೆ ಮಾಲೀಕರು ತಾವೇ ಹಾಜರಾಗಬಹುದು. ನ್ಯಾಯಾಲಯದಲ್ಲೂ ತಮ್ಮ ಪ್ರಕರಣವನ್ನು ತಾವೇ ವಾದಿಸಲು ಅಡ್ಡಿಯಿಲ್ಲ. ಬೇರೆಯವರ ಪರವಾಗಿ ವಕೀಲಿಕೆ ನಡೆಸುವ ಹಕ್ಕು ಮಾತ್ರ 1961ರ ವಕೀಲರ ಕಾಯ್ದೆಯಡಿ ನೋಂದಾಯಿತರಾದವರದು. ಜಿಪಿಎ ಪಡೆದ ನೆಂಟರು ಕಾಗದಕ್ಕೆ ಸಹಿ ಹಾಕಬಹುದು, ವಕೀಲರಂತೆ ವಾದಿಸಲಾರರು. ಕಚೇರಿ ಸುತ್ತ ಓಡಾಡುವ ಮಧ್ಯವರ್ತಿಗಳಿಗೆ ಈ ಯಾವ ಸ್ಥಾನವೂ ಇಲ್ಲ. ಅವರ ಕೈಗೆ ಕೊಟ್ಟ ಹಣಕ್ಕೆ ರಸೀದಿಯೂ ಇಲ್ಲ, ಕೇಳುವವರೂ ಇಲ್ಲ.

ವಕೀಲರು ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ತಡೆಯುತ್ತದೆ. ಹಾಗಾಗಿ ಆಯ್ಕೆ ಪರಿಚಯಸ್ಥರ ಮಾತಿನಿಂದ, ಜಿಲ್ಲಾ ಅಥವಾ ತಾಲ್ಲೂಕು ವಕೀಲರ ಸಂಘದಲ್ಲಿ ವಿಚಾರಿಸುವುದರಿಂದ ನಡೆಯುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಹೆಸರಾದವರು ಪೌರ ಕಾನೂನು ಬಲ್ಲರೆಂದೇನಿಲ್ಲ. ಪಾಲಿಕೆ ಅಥವಾ ಪುರಸಭೆಯ ಪ್ಯಾನೆಲ್ ವಕೀಲರೇ ಎಂದು ಮೊದಲು ಕೇಳಬೇಕು. ಒಂದು ಪಕ್ಷಕ್ಕೆ ಅದೇ ವಿಷಯದಲ್ಲಿ ಸಲಹೆ ಕೊಟ್ಟವರು ಎದುರು ಪಕ್ಷಕ್ಕೆ ಹಾಜರಾಗಬಾರದೆಂಬುದು ಪರಿಷತ್ತಿನ ನಿಯಮ. ಮೊದಲ ಭೇಟಿಗೆ ನೋಟಿಸು, ಅದು ಕೈಗೆ ಬಂದ ದಿನದ ಪುರಾವೆ, ಹಳೆಯ ರಸೀದಿಗಳು, ಇ-ಖಾತೆ, ಕ್ರಯಪತ್ರ, ಮಂಜೂರಾದ ಕಟ್ಟಡ ನಕ್ಷೆ ಒಯ್ದರೆ ಪ್ರಕರಣ ಗಟ್ಟಿಯೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಶುಲ್ಕದ ವಿಷಯದಲ್ಲಿ ಭಾರತದ ಪದ್ಧತಿ ಅಮೆರಿಕದ್ದಕ್ಕಿಂತ ಬೇರೆ. ಟೆಕ್ಸಸ್‌ನಂಥ ರಾಜ್ಯಗಳಲ್ಲಿ ವರ್ಷವರ್ಷವೂ ಮನೆಯ ಮೌಲ್ಯದ ನೋಟಿಸು ಬರುತ್ತದೆ. ಮೇ 15 ಅಥವಾ ನೋಟಿಸು ಕಳಿಸಿ 30 ದಿನ, ಇವೆರಡರಲ್ಲಿ ಯಾವುದು ತಡವೋ ಅದರೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಉಳಿತಾಯದಲ್ಲಿ ಇಂತಿಷ್ಟು ಪಾಲೆಂದು ಒಪ್ಪಿ ಈ ಕೆಲಸ ಮಾಡಿಕೊಡುವ ಸಂಸ್ಥೆಗಳು ಅಲ್ಲಿವೆ. ಗೆದ್ದರೆ ಮಾತ್ರ ಶುಲ್ಕ ಎಂಬ ಈ ಕರಾರಿಗೆ ಭಾರತದ ವಕೀಲರು ಒಪ್ಪುವಂತಿಲ್ಲ. ಫಲಿತಾಂಶಕ್ಕೆ ಕಟ್ಟಿದ ಶುಲ್ಕ ವೃತ್ತಿ ದುರ್ನಡತೆಯೆಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಸಿಕ್ಕ ಮೊತ್ತದಲ್ಲಿ ಶೇಕಡಾವಾರು ಶುಲ್ಕ ಕೇಳುವುದು ಸಲ್ಲದೆಂದು 2017ರ ಬಿ. ಸುನೀತಾ ಪ್ರಕರಣದಲ್ಲಿ ಮತ್ತೆ ಹೇಳಿತು. ಹೀಗಾಗಿ ಇಲ್ಲಿ ಸೋತರೂ ಶುಲ್ಕ ಕೊಡಲೇಬೇಕು, ಅಪಾಯ ಕಕ್ಷಿದಾರರದು. ಸಣ್ಣ ಮೊತ್ತದ ತೆರಿಗೆ ತಕರಾರುಗಳು ವಕೀಲರವರೆಗೆ ಹೋಗದಿರಲು ಇದೂ ಒಂದು ಕಾರಣ.

ಆದ್ದರಿಂದ ಶುಲ್ಕವನ್ನು ಹಂತಹಂತವಾಗಿ ಮಾತಾಡಿಕೊಳ್ಳುವುದು ಮೇಲು. ಕಾಗದ ನೋಡಿ ಸಲಹೆ, ಆಕ್ಷೇಪಣೆ ಬರೆದುಕೊಡುವುದು, ಕಚೇರಿಯ ವಿಚಾರಣೆಗೆ ಹಾಜರಾತಿ, ಮೇಲ್ಮನವಿ ಇವು ಬೇರೆ ಬೇರೆ ಕೆಲಸಗಳು. ಇವುಗಳಲ್ಲಿ ಬರೆದುಕೊಡುವುದನ್ನಷ್ಟೇ ವಕೀಲರಿಗೆ ಒಪ್ಪಿಸಿ, ಹಾಜರಾತಿಯನ್ನು ತಾವೇ ನೋಡಿಕೊಳ್ಳುವುದು ಸಾಧಾರಣ ಮನೆಮಾಲೀಕರಿಗೆ ಹೊಂದುವ ಏರ್ಪಾಡು. ಕೋರ್ಟ್ ಶುಲ್ಕ, ಟೈಪಿಂಗ್, ವಕಾಲತ್ತಿನ ಮೇಲಿನ ಕಲ್ಯಾಣನಿಧಿ ಸ್ಟ್ಯಾಂಪು ಶುಲ್ಕದಲ್ಲಿ ಸೇರಿವೆಯೇ ಎಂದೂ ಕೇಳಿಕೊಳ್ಳಬೇಕು. ವಕಾಲತ್ತಿಗೆ ಸಹಿ ಹಾಕುವುದೆಂದರೆ ರಾಜಿಮಾಡಿಕೊಳ್ಳುವ ಅಧಿಕಾರವನ್ನೂ ಕೊಟ್ಟಂತಾಗಬಹುದು. ಓದದೆ ಸಹಿ ಹಾಕಬಾರದು.

ವಕೀಲರೊಂದಿಗೆ ಮನಸ್ತಾಪ ಬಂದರೆ ಕಡತ ವಾಪಸು ಪಡೆಯುವುದು ಕಕ್ಷಿದಾರರ ಹಕ್ಕು. ಶುಲ್ಕ ಬಾಕಿಯೆಂದು ಕಾಗದಪತ್ರ ತಡೆಹಿಡಿಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2000ದ ಆರ್.ಡಿ. ಸಕ್ಸೇನಾ ತೀರ್ಪಿನಲ್ಲಿ ಹೇಳಿದೆ. ವೃತ್ತಿ ದುರ್ನಡತೆಯ ದೂರು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಸೇವಾ ನ್ಯೂನತೆಯೆಂದು ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯನ್ನು 2024ರ ಮೇ 14ರ ಡಿ.ಕೆ. ಗಾಂಧಿ ತೀರ್ಪು ಮುಚ್ಚಿತು.

ಶುಲ್ಕ ಕೊಡಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೇಳಬಹುದು, ಇತರರಿಗೆ ಆದಾಯದ ಮಿತಿಯಿದೆ. ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರವೂ ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಸಮಿತಿಗಳೂ ನ್ಯಾಯಾಲಯದ ಆವರಣಗಳಲ್ಲಿ ಕೆಲಸ ಮಾಡುತ್ತವೆ. ಮನೆಯ ಖಾತೆ ತಾಯಿಯ ಅಥವಾ ಹೆಂಡತಿಯ ಹೆಸರಿನಲ್ಲಿದ್ದರೆ ಅರ್ಜಿದಾರರು ಅವರೇ ಆದ್ದರಿಂದ ಈ ಸೌಲಭ್ಯ ಬಹಳ ಮನೆಗಳಿಗೆ ಸಿಗುತ್ತದೆ. ಬಾಕಿ ಮೊತ್ತದ ಬಗ್ಗೆ ಎರಡೂ ಕಡೆ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿಯ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಮುಂದಿನ ವರ್ಷಗಳ ವರ್ಗೀಕರಣವನ್ನೂ ರಾಜಿಯಲ್ಲಿ ಬರೆಸಿಕೊಳ್ಳದಿದ್ದರೆ ಅದೇ ತಕರಾರು ಮರುವರ್ಷ ಮರಳುತ್ತದೆ.

ಖರ್ಚು ಮತ್ತು ಫಲ

ವಕೀಲರನ್ನು ಹಿಡಿಯುವ ತೀರ್ಮಾನಕ್ಕೆ ಮೂರು ಅಂಕಿಗಳು ಸಾಕು. ವರ್ಷಕ್ಕೆ ಉಪಕರ ಸಹಿತ ಹೆಚ್ಚಾಗಿ ಬಿದ್ದಿರುವ ಮೊತ್ತ, ಆ ತಪ್ಪು ಮುಂದುವರಿಯಬಹುದಾದ ವರ್ಷಗಳು, ಮೊಕದ್ದಮೆಯ ಒಟ್ಟು ಖರ್ಚು. ಸಣ್ಣ ನಿವೇಶನದ ವಾಸದ ಮನೆಗೆ ಮೂಲ ತೆರಿಗೆಯಲ್ಲಿ 1,500 ರೂಪಾಯಿ ತಪ್ಪಾಗಿದ್ದರೆ ವರ್ಷಕ್ಕೆ 1,860 ರೂಪಾಯಿ ನಷ್ಟ. ಅದು ಅರ್ಜಿಗೆ ತಕ್ಕ ವಿಷಯ, ಮೊಕದ್ದಮೆಗೆ ಅಲ್ಲ. ಹೆದ್ದಾರಿ ಬದಿಯ ಕಲ್ಯಾಣ ಮಂಟಪವೋ ಅಡಿಕೆ ಗೋದಾಮೋ ತಪ್ಪು ವರ್ಗಕ್ಕೆ ಸೇರಿ ಮೂಲ ತೆರಿಗೆಯಲ್ಲಿ 60,000 ರೂಪಾಯಿ ಹೆಚ್ಚಾಗಿದ್ದರೆ ವರ್ಷಕ್ಕೆ 74,400 ರೂಪಾಯಿ. ಐದು ವರ್ಷದಲ್ಲಿ ಅದು ಏರಿಕೆ ಬಿಟ್ಟೇ 3,72,000 ಆಗುತ್ತದೆ. ಇಲ್ಲಿ ಒಳ್ಳೆಯ ವಕೀಲರ ಶುಲ್ಕ ದುಬಾರಿಯಲ್ಲ. ಮೊತ್ತ ಚಿಕ್ಕದಾದರೂ ವಕೀಲರನ್ನು ಕಾಣಲೇಬೇಕಾದ ಸಂದರ್ಭಗಳೂ ಇವೆ. ಜಫ್ತಿಯ ನೋಟಿಸು ಬಂದಾಗ, ಗಡುವಿಗೆ ಕೆಲವೇ ದಿನಗಳು ಉಳಿದಾಗ, ಆದೇಶದಲ್ಲಿ ಕಟ್ಟಡವೇ ಅಕ್ರಮವೆಂಬ ಮಾತು ಸೇರಿದಾಗ ತೆರಿಗೆಯ ಪ್ರಶ್ನೆ ಆಸ್ತಿಯ ಪ್ರಶ್ನೆಯಾಗಿ ಬದಲಾಗುತ್ತದೆ.

ಗೆದ್ದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಆದೇಶದ ದೃಢೀಕೃತ ನಕಲನ್ನು ಕಚೇರಿಗೆ ಕೊಟ್ಟು, ಇ-ಆಸ್ತಿ ದಾಖಲೆಯಲ್ಲಿ ಅಳತೆ, ಬಳಕೆ, ಬಾಕಿ ಮೂರನ್ನೂ ತಿದ್ದಿಸಿ, ತಿದ್ದಿದ ಖಾತೆಯ ಪ್ರತಿ ಪಡೆಯಬೇಕು. ತಂತ್ರಾಂಶದಲ್ಲಿ ಹಳೆಯ ಅಂಕಿ ಉಳಿದರೆ ಮುಂದಿನ ಏಪ್ರಿಲ್‌ನ ಚಲನ್ ಅದೇ ಅಂಕಿಯ ಮೇಲೆ ಹುಟ್ಟುತ್ತದೆ. ಹೆಚ್ಚಾಗಿ ಕಟ್ಟಿದ ಹಣದ ಮರುಪಾವತಿ ಅಥವಾ ಹೊಂದಾಣಿಕೆಗೆ ಬೇರೆಯೇ ಅರ್ಜಿ ಕೊಡಬೇಕು. ಸೋತವರು ಆದೇಶದ ಕಾರಣಗಳನ್ನು ಓದಿ, ತೀರ್ಮಾನ ಪುರಾವೆಯ ಕೊರತೆಯಿಂದ ಬಂದದ್ದೋ ಕಾನೂನಿನ ಅರ್ಥದಿಂದ ಬಂದದ್ದೋ ಎಂದು ವಿಂಗಡಿಸಿಕೊಳ್ಳಬೇಕು. ಮೊದಲನೆಯದಾದರೆ ಮುಂದಿನ ವರ್ಷದ ಘೋಷಣೆಯ ಜತೆ ಸರಿಯಾದ ದಾಖಲೆ ಇಟ್ಟು ಮತ್ತೆ ಕೇಳಬಹುದು. ಎರಡನೆಯದಾದರೆ ಮೇಲಿನ ನ್ಯಾಯಾಲಯದ ಹಾದಿಯೊಂದೇ ಉಳಿಯುತ್ತದೆ.